ಗೀರಿಲ್ಲದ ಚಿಪ್ಪು

ಬಂಡೆಯ ಮೇಲೆ ಮತ್ತೆ ಖಾಲಿ ಚಿಪ್ಪುಗಳು ಬಿದ್ದಿದ್ದವು. ಚಿಕ್ಕವಳು ಬುಟ್ಟಿಯನ್ನು ಪಕ್ಕಕ್ಕೆ ಕುಕ್ಕಿ, ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಎರಡು ಹೋಳುಗಳೂ ಬುಡದಲ್ಲಿ ಕೂಡಿಕೊಂಡೇ ಇದ್ದವು, ಒಳಗೆ ಮಾತ್ರ ಒಂದು ಎಳೆ ಮಾಂಸ ಉಳಿದಿರಲಿಲ್ಲ. ಅಂಚಿನುದ್ದಕ್ಕೂ ಬೆರಳಾಡಿಸಿದಳು. ಎಲ್ಲೂ ಒಂದು ಗೀರಿಲ್ಲ, ಒಂದು ಮುಕ್ಕಿಲ್ಲ.

“ತಿಂದು ಕೈ ತೊಳ್ಕೊಂಡು ಹೋಗಿದಾರೆ,” ಎಂದಳು ಗಾಳಿಗೆ.

ಅದು ಅವಳದೇ ಬಂಡೆ. ಅವಳು ದೂರದ ಬಯಲು ಊರಿನ ದರ್ಜಿಯ ಮಗಳು. ಮದುವೆಯಾಗಿ ಬರುವವರೆಗೂ ಕಡಲೆಂದರೆ ಕ್ಯಾಲೆಂಡರಿನ ಚಿತ್ರ ಎಂದುಕೊಂಡಿದ್ದವಳು. ಅಂಥವಳಿಗೂ ಸಂಘದವರು ಈ ಹಂಗಾಮಿನಲ್ಲಿ ಒಂದು ಬಂಡೆ ಹಂಚಿಕೊಟ್ಟಿದ್ದರು. ನೀರಿಳಿದಾಗ ಹೆಂಗಸರು ತಂತಮ್ಮ ಬಂಡೆಗೆ ಹೋಗಿ ಸಲಾಕೆಯಿಂದ ಕಪ್ಪೆಚಿಪ್ಪು ಕೀಳಬೇಕು, ನೀರು ಏರುವ ಮೊದಲು ದಡದ ಶೆಡ್ಡಿಗೆ ಹೊರಬೇಕು, ಅಲ್ಲಿ ಉದ್ದನೆಯ ಮೇಜಿಗೆ ಕೂತು ಮೋಟು ಚಾಕುವಿನಿಂದ ಒಂದೊಂದಾಗಿ ಬಿಡಿಸಬೇಕು. ಒಬ್ಬರ ಬಂಡೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮುಟ್ಟಿದ್ದು ರುಜುವಾತಾದರೆ ಬಂಡೆಯೂ ಹೋಯಿತು, ಮೇಜಿನ ಜಾಗವೂ ಹೋಯಿತು.

ಬಂಡೆಯ ಬುಡದ ಬಿರುಕಿನಲ್ಲಿ ನಕ್ಷತ್ರಮೀನುಗಳು ಎಂದಿನಂತೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಕೆಲವು ಇಟ್ಟಿಗೆ ಬಣ್ಣ, ಕೆಲವು ನೇರಳೆ. ಮೈಯೆಲ್ಲ ಒರಟು, ಐದೈದು ಕೈ. ದಡದವರು ಅವನ್ನು ಐಗೈ ಎಂದು ಕರೆಯುತ್ತಿದ್ದರು. ಹೆಸರಿಗೆ ಐದು ಕೈ, ಮಾಡುವ ಕೆಲಸ ಸೊನ್ನೆ ಎಂದು ನಗುತ್ತಿದ್ದರು. ಐಗೈ ಪಾಚಿಯ ಗೆರೆ ದಾಟಿ ಮೇಲೆ ಚಿಪ್ಪಿರುವಲ್ಲಿಗೆ ಬರುವುದಿಲ್ಲ, ಬುಡದಲ್ಲಿ ಕೊಳೆತದ್ದು ಬಿದ್ದದ್ದು ತಿಂದುಕೊಂಡು ಬಿದ್ದಿರುತ್ತದೆ ಎನ್ನುವುದು ಇಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಅದನ್ನು ದಡದವರು ಯಾರೂ ಕೇಳಿ ಕಲಿತದ್ದಲ್ಲ. ಚಿಕ್ಕಂದಿನಿಂದ ನೀರಿಳಿದಾಗಲೆಲ್ಲ ಬಂದು ಬಂದು, ಪ್ರತಿಯೊಬ್ಬರೂ ಕಣ್ಣಾರೆ ಕಂಡದ್ದು.

ಚಿಕ್ಕವಳು ಬಿರುಕಿನತ್ತ ಬಗ್ಗಿದಳು. “ಹಗಲೂ ರಾತ್ರಿ ಇಲ್ಲೇ ಬಿದ್ದಿರ್ತೀರಲ್ಲ, ನೀವಾದ್ರೂ ನೋಡಬಾರದಾ ಯಾರು ಬಂದ್ರು ಅಂತ? ಸೋಮಾರಿಗಳು!”

ಐಗೈಗಳು ಬಾಯಿ ಬಿಡಲಿಲ್ಲ. ಅವುಗಳ ಬಾಯಿ ಹೊಟ್ಟೆಯ ಕೆಳಗೆ, ಕಲ್ಲಿಗೆ ಅಂಟಿಕೊಂಡಿತ್ತು.

ಕೇಳುವ ಅಗತ್ಯವೂ ಅವಳಿಗೆ ಅಷ್ಟಾಗಿ ಇರಲಿಲ್ಲ ಅನ್ನಿ. ಯಾರ ಕೈವಾಡ ಎಂದು ಅವಳ ಮನಸ್ಸು ಆಗಲೇ ತೀರ್ಪು ಬರೆದು ಮುಗಿಸಿತ್ತು. ಏಕೆಂದರೆ ಈ ದಡದಲ್ಲಿ ಚಾಕು ಎಂದರೆ ಸಹಿ ಇದ್ದ ಹಾಗೆ. ಗಟ್ಟಿಯಾಗಿ ಬಾಯಿ ಮುಚ್ಚಿದ ಚಿಪ್ಪಿನೊಳಗೆ ಅಲಗು ತೂರಿಸುವಾಗ ಅಂಚಿಗೆ ಒಂದು ಪೆಟ್ಟು ಬಿದ್ದೇ ಬೀಳುತ್ತದೆ, ಆ ಪೆಟ್ಟು ಒಬ್ಬೊಬ್ಬರದು ಒಂದೊಂದು ಥರ. ಶೆಡ್ಡಿನಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲಿನ ಜೋರುಬಾಯಿ ಮುಂದಿನಿಂದ ಚುಚ್ಚುತ್ತಾಳೆ. ಅವಳು ಬಿಡಿಸಿದ ಚಿಪ್ಪಿನಲ್ಲಿ ಇಲಿ ಕಚ್ಚಿದಂಥ ಮುಕ್ಕು. ಚಿಕ್ಕವಳದು ಬುಡದ ಹತ್ತಿರ ಎರಡು ಗೀರು: ಒಂದು ತಪ್ಪಿದ್ದು, ಒಂದು ತಾಗಿದ್ದು. ಶೆಡ್ಡಿನ ಹಿಂದಿನ ಗುಡ್ಡೆಯಿಂದ ಯಾವ ಚಿಪ್ಪು ಎತ್ತಿಕೊಟ್ಟರೂ ಮೇಸ್ತ್ರಿ ಇದು ಇಂಥವರದು ಎಂದುಬಿಡುತ್ತಾನೆ. ಇಡೀ ದಡದಲ್ಲಿ ಗೀರೇ ಬೀಳದ ಹಾಗೆ ಬಿಡಿಸುವ ಕೈ ಒಂದೇ ಒಂದು. ಅದು ಅಕ್ಕನದು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವ ನೆಂಟ. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕ, ಚಿಕ್ಕವಳು, ಚಿಕ್ಕವಳ ಗಂಡ ಮೂವರೇ. ಸಲಾಕೆ ಹಿಡಿಯುವುದನ್ನು, ಜಾರುವ ಕಲ್ಲಿನ ಮೇಲೆ ಕಾಲೂರುವುದನ್ನು, ಚಾಕುವನ್ನು ಬಲದಿಂದಲ್ಲ ಉಪಾಯದಿಂದ ತೂರಿಸುವುದನ್ನು ಚಿಕ್ಕವಳಿಗೆ ಕಲಿಸಿದ್ದೇ ಅಕ್ಕ. “ಅದು ಉಸಿರು ಬಿಡೋವರೆಗೂ ಕಾಯಬೇಕು ಕಣೆ, ಅವಸರ ಮಾಡಿದ್ರೆ ಕಚ್ಕೊಳತ್ತೆ,” ಎನ್ನುತ್ತಿದ್ದಳು. ಇಬ್ಬರೂ ಪಕ್ಕಪಕ್ಕ ಕೂತು, ಮೇಸ್ತ್ರಿಯ ನಡಿಗೆಯನ್ನು ಆಡಿಕೊಂಡು ನಕ್ಕು, ಬೈಸಿಕೊಂಡದ್ದು ಎಷ್ಟೋ ಸಲ.

ಆದ್ದರಿಂದಲೇ ಸಂಕಟ ಹೆಚ್ಚಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಚಿಕ್ಕವಳು ಅಂದೇ ಬೀದಿಗೆಳೆದು ಜಗಳ ಕಾಯುತ್ತಿದ್ದಳು. ಇದು ಅಕ್ಕ. ಮೊದಲ ಸಲ ಆ ನುಣುಪಾದ ಅಂಚು ನೋಡಿದಾಗ ಛೇ ಎಂದು ತಲೆ ಕೊಡವಿದ್ದಳು. ಎರಡನೆಯ ಸಲ ಅಷ್ಟು ಜೋರಾಗಿ ಕೊಡವಲಿಲ್ಲ. ಆಮೇಲೆ ತಲೆಯೊಳಗೆ ಹುಳ ಹೊಕ್ಕಿತು, ಹೊಕ್ಕ ಹುಳ ಕೊರೆಯುವುದೊಂದನ್ನು ಬಿಟ್ಟು ಇನ್ನೇನು ಮಾಡೀತು.

ಹುಳಕ್ಕೆ ಬೇಕಾದ ಮೇವನ್ನು ಅಕ್ಕನೇ ಹಾಕುತ್ತಿದ್ದಳು. ಈಚೆಗೆ ಎಲ್ಲರಿಗಿಂತ ಮೊದಲೇ ಒಬ್ಬಳೇ ಬಂಡೆಗೆ ಹೊರಡುತ್ತಿದ್ದಳು. ಹೋಗುವಾಗ ಚೀಲದಲ್ಲಿ ಒಂದು ಮುಚ್ಚಳದ ಡಬ್ಬಿ ಇಟ್ಟುಕೊಳ್ಳುತ್ತಿದ್ದಳು. ಒಮ್ಮೆ ಚಿಕ್ಕವಳು, “ಏನಕ್ಕಾ ಅದು?” ಎಂದು ಕೈ ಚಾಚಿದ್ದಕ್ಕೆ, “ಏನಿಲ್ಲ ಬಿಡೆ,” ಎಂದು ಹಿಂದಕ್ಕೆ ಸರಿಸಿದ್ದಳು. ಬಲಗೈಯನ್ನು ಯಾವಾಗಲೂ ಮಳೆಯಂಗಿಯ ಜೇಬಿನಲ್ಲಿ ತುರುಕಿಕೊಂಡೇ ಇರುತ್ತಿದ್ದಳು. ಟೀ ಲೋಟವನ್ನು ಎಡಗೈಯಲ್ಲಿ ಕೊಡುತ್ತಿದ್ದಳು, ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದಳು. ಮನಸ್ಸಿನಲ್ಲಿ ಕಳ್ಳತನ ಇಟ್ಟುಕೊಂಡವಳಿಗೆ ಕೈ ತೋರಿಸಲು ನಾಚಿಕೆಯೇ ಎಂದು ಚಿಕ್ಕವಳು ಲೆಕ್ಕ ಹಾಕಿದಳು.

ಎಲ್ಲಕ್ಕಿಂತ ದೊಡ್ಡದು ಜಾಗದ ವಿಷಯ. ವರ್ಷಗಟ್ಟಲೆ ಮೇಜಿನ ನಡುವೆ, ಒಳ್ಳೆಯ ಬೆಳಕಿನಲ್ಲಿ ಕೂರುತ್ತಿದ್ದ ಅಕ್ಕ ಒಂದು ದಿನ ಇದ್ದಕ್ಕಿದ್ದಂತೆ ಮೂಲೆಯ ಬೆಂಚಿಗೆ ಹೋದಳು. ಗೋಡೆಯತ್ತ ಮುಖ, ಊರಿಗೆ ಬೆನ್ನು. ಪಕ್ಕದ ಖಾಲಿ ಜಾಗದಲ್ಲಿ ತನ್ನ ಚೀಲವನ್ನು ಇಟ್ಟುಕೊಂಡಳು. ಚಿಕ್ಕವಳು ಆ ಚೀಲವನ್ನೇ ದುರುಗುಟ್ಟಿ ನೋಡಿದಳು. ಯಾರೂ ಹತ್ತಿರ ಸುಳಿಯಬಾರದೆಂದು ಬೇಲಿ ಹಾಕಿಕೊಂಡಿದ್ದಾಳೆ, ಡಬ್ಬಿಯಲ್ಲಿ ಕದ್ದು ತಂದ ಮಾಂಸವನ್ನು ತನ್ನ ಬೋಗುಣಿಗೆ ಸೇರಿಸುವುದು ಯಾರ ಕಣ್ಣಿಗೂ ಬೀಳಬಾರದಲ್ಲ! ಅಂದಿನಿಂದ ಚಿಕ್ಕವಳು ಮೇಜಿನ ಇನ್ನೊಂದು ತುದಿಗೆ ಹೋಗಿ ಕೂತಳು. ಕೆಲವು ದಿನ ಆ ಚೀಲ ಅಲ್ಲೇ ಇತ್ತು. ಆಮೇಲೆ ಜೋರುಬಾಯಿ ಅದನ್ನು ಎತ್ತಿ ಕೆಳಗಿಟ್ಟು ತಾನು ಕೂತಳು. ಓಹೋ, ಜೊತೆಗಾತಿಯೂ ಇದ್ದಾಳೆ ಎಂದುಕೊಂಡಳು ಚಿಕ್ಕವಳು.

ಮನೆಯಲ್ಲಿ ಮಾತು ಬೇಕು, ಬೇಡ, ಉಪ್ಪು, ಬಾಗಿಲು ಎನ್ನುವಷ್ಟಕ್ಕೆ ಇಳಿಯಿತು. ಅಕ್ಕ ಒಂದೆರಡು ಸಲ ಅಡುಗೆಮನೆಯಲ್ಲಿ, “ಏನೇ, ನಿನ್ನ ಹತ್ರ ಒಂದು ಮಾತಾಡಬೇಕು,” ಎಂದು ಶುರು ಮಾಡಿದ್ದುಂಟು. ಚಿಕ್ಕವಳು ಬಟ್ಟೆ ಒಣಗಿದೆಯೋ ನೋಡಬೇಕೆಂದು ಹೊರಗೆ ನಡೆದುಬಿಟ್ಟಳು. ಒಪ್ಪಿಕೊಂಡು ಅತ್ತುಬಿಟ್ಟರೆ ತಾನು ಕರಗಿಬಿಡುವೆನೆಂದು ಅವಳಿಗೆ ಭಯವಿತ್ತು.

ಕೊನೆಗೆ ಒಂದು ಬಲೆ ಒಡ್ಡಿದಳು. ಮದುವೆಯಲ್ಲಿ ಯಾರೋ ಕೊಟ್ಟು, ಹಚ್ಚಿಕೊಳ್ಳಲು ಪುರುಸೊತ್ತೇ ಸಿಗದೆ ಉಳಿದಿದ್ದ ಕೆಂಪು ಉಗುರುಬಣ್ಣದ ಶೀಸೆಯನ್ನು ಬಂಡೆಗೆ ಒಯ್ದು, ದಪ್ಪ ದಪ್ಪ ಚಿಪ್ಪುಗಳನ್ನು ಒರೆಸಿ ಒಣಗಿಸಿ ಒಂದೊಂದು ಚುಕ್ಕೆ ಇಟ್ಟಳು. ಮಾರನೆಯ ದಿನ ಚುಕ್ಕೆಯ ಕೆಲವು ಚಿಪ್ಪುಗಳು ಅವಳ ಬಂಡೆಯ ಮೇಲೆಯೇ ಖಾಲಿಯಾಗಿ ಬಾಯಿ ತೆರೆದುಕೊಂಡಿದ್ದವು. ಅಕ್ಕನ ಬುಟ್ಟಿಯನ್ನು ತಾನೇ ಹೊರುವ ನೆಪದಲ್ಲಿ ತಡಕಾಡಿದಳು. ಒಂದು ಚುಕ್ಕೆಯೂ ಸಿಗಲಿಲ್ಲ.

ಬೇರೆಯವರಾಗಿದ್ದರೆ ಅಲ್ಲಿಗೆ ಅನುಮಾನ ಬಿಡುತ್ತಿದ್ದರು. ಚಿಕ್ಕವಳಿಗೆ ಇಮ್ಮಡಿಯಾಯಿತು. ಚಿಪ್ಪನ್ನು ಅಲ್ಲೇ ಬಿಟ್ಟು ಮಾಂಸ ಮಾತ್ರ ಡಬ್ಬಿಗೆ ಹಾಕಿಕೊಂಡು ಹೋಗುವಷ್ಟು ಜಾಣತನ ಬೇರೆ ಯಾರಿಗೆ ಇದ್ದೀತು?

ದೋಣಿ ಎಂಜಿನ್ನುಗಳ ರಿಪೇರಿ ಮಾಡುವ ಗಂಡ, ಗ್ರೀಸು ಮೆತ್ತಿದ ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು ಎಲ್ಲವನ್ನೂ ಕೇಳಿದ. “ಬಂಡೆಗೆ ಉಗುರುಬಣ್ಣ ಹಚ್ಚಿ ಬಂದ್ಯಾ? ಇನ್ನು ಲಿಪ್‌ಸ್ಟಿಕ್ಕೊಂದು ಬಾಕಿ,” ಎಂದ.

“ನಿಮಗೆ ತಮಾಷೆ.”

“ತಮಾಷೆ ಅಲ್ಲ. ಅತ್ತಿಗೆ ನಮ್ಮನೆಯೋರು ಕಣೆ. ಕೇಳಿಬಿಡು ಒಂದ್ಸಲ.”

“ಕದ್ದವರು ಹೌದು ನಾನೇ ಕದ್ದೆ ಅಂತಾರಾ?”

“ಕದೀದಿದ್ರೆ?”

ಅವಳು ತಟ್ಟೆಯನ್ನು ಜೋರಾಗಿ ಕುಕ್ಕಿ ಎದ್ದು ಹೋದಳು. ಹೀಗೇ ನಡೆದರೆ ಹಂಗಾಮಿನ ಕೊನೆಗೆ ಬಂಡೆ ಬೋಳಾಗುತ್ತದೆ, ಬೋಳಾದ ಬಂಡೆಯನ್ನು ಸಂಘದವರು ಬಯಲಿನವಳ ಕೈಲಿ ಏನಾಗುತ್ತೆ ಎಂದು ವಾಪಸು ಪಡೆಯುತ್ತಾರೆ ಎನ್ನುವುದೇ ಅವಳ ಭಯ. ಹುಟ್ಟಿದಾಗಿನಿಂದ ಅವಳದು ಅಂತ ಇದ್ದದ್ದು ಆ ಬಂಡೆಯೊಂದೇ.

ಮಾರನೆಯ ದಿನ ಬಂಡೆಯಿಂದ ಬಂದವಳೇ ಅವಳು ತನ್ನ ಜಾಗಕ್ಕೆ ಹೋಗಲಿಲ್ಲ. ಶೆಡ್ಡಿನ ಮೇಜಿನ ನಡುವೆ ಒಂದು ಬೊಗಸೆ ಗೀರಿಲ್ಲದ ಚಿಪ್ಪುಗಳನ್ನು ಸುರಿದಳು. ಅವು ಹಲಗೆಯ ಮೇಲೆ ಖಣಖಣ ಉರುಳಿದವು, ಚಾಕುಗಳೆಲ್ಲ ನಿಂತವು.

“ಮೇಸ್ತ್ರಿ, ಇವು ನನ್ನ ಬಂಡೆ ಮೇಲೆ ಸಿಕ್ಕಿದ್ದು. ಯಾರ ಕೈ ಅಂತ ನೀವೇ ಹೇಳಿ.”

ಮೇಸ್ತ್ರಿ ಕನ್ನಡಕ ಏರಿಸಿ, ಒಂದನ್ನು ಎತ್ತಿ ಅಂಚು ಸವರಿದ. ಇನ್ನೊಂದನ್ನು ಎತ್ತಿದ. ಅವನ ಮುಖ ಸಪ್ಪಗಾಯಿತು. ಕತ್ತುಗಳೆಲ್ಲ ಮೂಲೆಯ ಬೆಂಚಿನತ್ತ ತಿರುಗಿದವು.

“ಬಾಯಿ ಬಿಗಿ ಹಿಡಿ!” ಎಂದು ಜೋರುಬಾಯಿ ಎದ್ದು ನಿಂತಳು. “ಯಾರ ಮೇಲೆ ಹೇಳ್ತಿದ್ದೀಯ ಗೊತ್ತಾ ನಿನಗೆ? ನಿನ್ನ ಕೈ ಹಿಡಿದು ಕಲಿಸಿದವಳು ಅವಳು!”

“ಅದಕ್ಕೇ ನನಗೆ ಗುರುತು ಸಿಕ್ಕಿದ್ದು,” ಎಂದಳು ಚಿಕ್ಕವಳು. ಅವಳ ಧ್ವನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. “ಆ ಡಬ್ಬೀಲಿ ಏನಿದೆ ಕೇಳಿ. ದಿನಾ ತರ್ತಾರಲ್ಲ, ಅದನ್ನ ತೆಗೆದು ತೋರಿಸಲಿ.”

ಅಕ್ಕ ನಿಧಾನವಾಗಿ ತಿರುಗಿದಳು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಯಾರೋ ದಾರಿಯಲ್ಲಿ ಗುರುತು ಸಿಗದೆ ಹೋದಾಗ ನೋಡುತ್ತೇವಲ್ಲ, ಹಾಗೆ ಚಿಕ್ಕವಳನ್ನು ನೋಡಿದಳು. ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟಳು.

ಮೇಸ್ತ್ರಿ ಮುಚ್ಚಳ ತೆಗೆದ. ಒಳಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು, ಮುಟ್ಟಿದರೆ ಇನ್ನೂ ಅಷ್ಟಿಷ್ಟು ಬೆಚ್ಚಗಿತ್ತು. ಹುರಿದ ಉಪ್ಪು. ಕೀಲು ನೋವಿಗೆ ಕಾವು ಕೊಟ್ಟುಕೊಳ್ಳುವ ಉಪ್ಪಿನ ಗಂಟು.

“ಇದೇನಮ್ಮ?” ಎಂದ ಮೇಸ್ತ್ರಿ.

ಶೆಡ್ಡಿನ ರೂಢಿ ಅವನಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಬಂಡೆಗಳ್ಳತನದ ಮಾತು ಬಂದರೆ, ಆರೋಪ ಹೊತ್ತವಳು ಎಲ್ಲರ ಎದುರು ತನ್ನ ಚಾಕುವಿನಿಂದ ಒಂದು ಚಿಪ್ಪು ಬಿಡಿಸಬೇಕು, ಗೀರಿಗೆ ಗೀರು ಹಿಡಿದು ನೋಡಬೇಕು. ಅವನು ಬುಟ್ಟಿಯಿಂದ ಒಂದು ಚಿಪ್ಪು ತೆಗೆದು ಅವಳ ಮುಂದಿಟ್ಟ. ಜೋರುಬಾಯಿ, “ಬೇಡ ಮೇಸ್ತ್ರಿ, ಬೇಡ, ನಾನು ಹೇಳ್ತೀನಿ ಕೇಳಿ,” ಎಂದು ನಡುವೆ ಬಂದಳು. ಅವಳ ಗಂಟಲು ಅಷ್ಟು ಸಣ್ಣಗಾದದ್ದನ್ನು ಶೆಡ್ಡು ಎಂದೂ ಕೇಳಿರಲಿಲ್ಲ. ಅಕ್ಕ ಅವಳ ತೋಳು ಸರಿಸಿದಳು.

ಬಲಗೈ ಜೇಬಿನಿಂದ ಹೊರಗೆ ಬಂತು. ಗೆಣ್ಣುಗಳು ಬಾತು ಹೊಳೆಯುತ್ತಿದ್ದವು, ಕಿರುಬೆರಳು ಮತ್ತು ಅದರ ಪಕ್ಕದ್ದು ಅಂಗೈಗೆ ಮಡಚಿಕೊಂಡು ಬಿಚ್ಚುತ್ತಲೇ ಇರಲಿಲ್ಲ. ಅವಳು ಚಾಕುವನ್ನು ಆ ಕೈಗೆ ಎಡಗೈಯಿಂದ ತುರುಕಿದಳು. ಚಿಪ್ಪಿನ ಅಂಚಿಗೆ ಇಟ್ಟು ಒತ್ತಿದಳು. ಅಲಗು ಜಾರಿತು. ಮತ್ತೆ ಒತ್ತಿದಳು, ಚಿಪ್ಪು ಚೂರಾಯಿತು, ಚಾಕು ಎಡಗೈಯ ಹೆಬ್ಬೆರಳನ್ನು ಸೀಳಿಕೊಂಡು ಹೋಗಿ ಮೇಜಿಗೆ ನಾಟಿತು. ಇಡೀ ದಡಕ್ಕೆ ಎತ್ತಿದ ಕೈ ಎನಿಸಿಕೊಂಡಿದ್ದ ಕೈಯಿಂದ ಎಲ್ಲರೆದುರು ಒಂದು ಚಿಪ್ಪು ಬಿಡಿಸಲಾಗಲಿಲ್ಲ.

“ನಾನೇ ಇಬ್ಬರದ್ದೂ ಬಿಡಿಸ್ತಾ ಇದ್ದೆ,” ಎಂದಳು ಜೋರುಬಾಯಿ, ಅಳುತ್ತ. “ಅವಳ ಕಾಲಬುಡದ ಗುಡ್ಡೇಲಿ ನೋಡ್ರೀ, ಎಲ್ಲಾ ನನ್ನ ಮುಕ್ಕು. ಕೈ ಹಿಡಿತ ಹೋಗಿ ಎಷ್ಟೋ ದಿನ ಆಯ್ತು, ಎಡಗೈಲಿ ಕೀಳೋಕೆ ಹೊತ್ತು ಹಿಡಿಯುತ್ತೆ ಅಂತ ಎಲ್ಲರಿಗಿಂತ ಮೊದಲೇ ಹೋಗ್ತಿದ್ಲು. ಒಂದ್ಸಲನಾದ್ರೂ ಆ ಗುಡ್ಡೆ ಕಡೆ ಕಣ್ಣು ಹಾಯಿಸಿದ್ಯಾ ನೀನು?”

ಹಾಯಿಸಿರಲಿಲ್ಲ. ಅಕ್ಕನ ಬುಟ್ಟಿ, ಅಕ್ಕನ ಜೇಬು, ಅಕ್ಕನ ಚೀಲ ಎಲ್ಲ ನೋಡಿದ್ದವಳು, ಅವಳ ಕಾಲಬುಡದಲ್ಲೇ ಬಿದ್ದಿದ್ದ ಚಿಪ್ಪುಗಳನ್ನು ಮಾತ್ರ ನೋಡಿರಲಿಲ್ಲ. ಅದರಲ್ಲಿ ನೋಡುವುದೇನಿದೆ, ಅಕ್ಕನ ಚಿಪ್ಪಿಗೆ ಗೀರಿರುವುದಿಲ್ಲವೆಂದು ಗೊತ್ತೇ ಇದೆಯಲ್ಲ ಎಂದುಕೊಂಡಿದ್ದಳು.

ಮೇಸ್ತ್ರಿ ಕೆಟ್ಟವನಲ್ಲ. ಆದರೆ ಕಂಡದ್ದನ್ನು ಕಾಣದ ಹಾಗೆ ಮಾಡುವುದು ಅವನ ಕೈಲೂ ಇರಲಿಲ್ಲ. ಚಾಕು ಹಿಡಿಯಲಾರದವರಿಗೆ ಮೇಜಿನಲ್ಲಿ ಜಾಗವಿಲ್ಲ, ಬಂಡೆಯೂ ಇಲ್ಲ. ಅವನು ಹೇಳುವ ತನಕ ಅಕ್ಕ ಕಾಯಲಿಲ್ಲ. ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡು, ಚಾಕುವನ್ನು ತೊಳೆದು, ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿ, ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಚಿಕ್ಕವಳ ಪಕ್ಕದಲ್ಲೇ ಹಾದುಹೋದಳು, ಮೈ ಮಾತ್ರ ತಾಗಿಸಲಿಲ್ಲ.

ಚಿಕ್ಕವಳಿಗೆ ಮನೆಗೆ ಹೋಗುವ ಮುಖ ಇರಲಿಲ್ಲ, ಶೆಡ್ಡಿನಲ್ಲಿ ನಿಲ್ಲುವ ಮುಖವೂ ಇರಲಿಲ್ಲ. ಮೊಣಕಾಲಿನವರೆಗೆ ನೀರೇರಿದ್ದರೂ ದಾಟಿಕೊಂಡು ತನ್ನ ಬಂಡೆಯ ನೆತ್ತಿಗೆ ಹತ್ತಿ ಕೂತಳು. ನೀರು ಏರಿದ ಮೇಲೆ ಬಂಡೆಗೆ ಹೋಗುವ ಹುಚ್ಚರು ಈ ದಡದಲ್ಲಿ ಯಾರೂ ಇಲ್ಲ. ಅಲ್ಲೇನು ಕೆಲಸ? ಚಿಪ್ಪೆಲ್ಲ ಮುಳುಗಿರುತ್ತದೆ. ಅವಳು ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಅತ್ತಳು. ಅಕ್ಕನ ಕೈಗಾಗಿ ಅತ್ತಳು, ತನ್ನ ಬಾಯಿಗಾಗಿ ಅತ್ತಳು. ಅತ್ತು ಸುಸ್ತಾದ ಮೇಲೆ ಮಾಡಲು ಇನ್ನೇನೂ ಉಳಿಯದೆ ನೀರನ್ನು ನೋಡತೊಡಗಿದಳು.

ಗಾಳಿ ಇರಲಿಲ್ಲ. ಬಿಸಿಲು ನೀರೊಳಗೆ ತಳದವರೆಗೂ ಇಳಿದಿತ್ತು. ಪಾಚಿಯ ಗೆರೆಯ ಮೇಲೆ ಏನೋ ಇಟ್ಟಿಗೆ ಬಣ್ಣದ್ದು ಇತ್ತು.

ಮೊದಲು ಅವಳು ಲಕ್ಷ್ಯ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅದು ಗೆರೆಯಿಂದ ಒಂದು ಗೇಣು ಮೇಲಿತ್ತು. ಅದರ ಹಿಂದೆ ಒಂದು ನೇರಳೆಯದು. ಬಿರುಕಿನಿಂದ ಇನ್ನೊಂದು ಕೈ ಹೊರಗೆ ಚಾಚುತ್ತಿತ್ತು. ಸೋಮಾರಿಗಳೆಂದು ಬೈಸಿಕೊಂಡ ಐಗೈಗಳು, ಮನೆಯವರೆಲ್ಲ ಹೊರಗೆ ಹೋದ ಮೇಲೆ ಏಳುವ ನೆಂಟರ ಹಾಗೆ, ಒಂದೊಂದಾಗಿ ಎದ್ದು ಬಂಡೆ ಹತ್ತುತ್ತಿದ್ದವು. ನಡೆಯುತ್ತಿರುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಬೇರೆಡೆ ನೋಡಿ ತಿರುಗಿದರೆ ಮಾತ್ರ ಮುಂದೆ ಬಂದಿರುತ್ತಿದ್ದವು.

ಅವಳು ಬೋರಲು ಬಿದ್ದು ನೀರಿಗೆ ಮುಖ ತಗುಲುವಷ್ಟು ಬಗ್ಗಿದಳು. ಇಟ್ಟಿಗೆ ಬಣ್ಣದ್ದು ಒಂದು ದಪ್ಪ ಚಿಪ್ಪಿನ ಮೇಲೆ ಹತ್ತಿ, ಐದೂ ಕೈಯಿಂದ ತಬ್ಬಿ, ಬೆನ್ನು ಗೂನಾಗಿಸಿಕೊಂಡು ಸುಮ್ಮನೆ ಕೂತಿತು. ಬಿಸಿಲು ಅವಳ ನೆತ್ತಿಯಿಂದ ಭುಜಕ್ಕೆ ಜಾರಿತು. ಅದು ಹಾಗೇ ಇತ್ತು. ಏನೂ ಮಾಡುತ್ತಿಲ್ಲ ಎನ್ನಬೇಕು, ಹಾಗೆ. ಕೊನೆಗೆ ತಾಳ್ಮೆಗೆಟ್ಟು ನೀರಿಗಿಳಿದು, ಎದೆಮಟ್ಟ ನಿಂತು, ಅದನ್ನು ಚಿಪ್ಪಿನ ಸಮೇತ ಕಿತ್ತು ತಿರುಗಿಸಿ ನೋಡಿದಳು.

ಕೈಗಳ ಅಡಿಯಲ್ಲಿ ಎಣಿಸಲಾರದಷ್ಟು ಸಣ್ಣ ಸಣ್ಣ ಕಾಲು, ಒಂದೊಂದೂ ಚಿಪ್ಪನ್ನು ಕಚ್ಚಿ ಎಳೆಯುತ್ತಿತ್ತು. ಬಿಗಿದ ಚಿಪ್ಪು ಸೋತು ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಆ ಸಂದಿನೊಳಕ್ಕೆ ಐಗೈ ತನ್ನ ಬಾಯಿಂದ ತೆಳ್ಳನೆಯ ಬಿಳಿ ಪೊರೆಯೊಂದನ್ನು ಇಳಿಬಿಟ್ಟಿತ್ತು. ಹೊಟ್ಟೆಯನ್ನೇ ಹೊರಗೆ ಹಾಕಿ ಒಳಗೆ ಉಣ್ಣುತ್ತಿತ್ತು! ಬೆಳಕು ಬಿದ್ದದ್ದೇ ತಡ ಆ ಪೊರೆ ಮೆಲ್ಲಗೆ ಹಿಂದಕ್ಕೆ ಸರಿಯಿತು. ಚಿಪ್ಪಿನ ಬೆನ್ನ ಮೇಲೆ ಕೆಂಪು ಚುಕ್ಕೆ ಇತ್ತು. ಅಂಚಿನಲ್ಲಿ ಗೀರಿರಲಿಲ್ಲ.

ಅದು ಉಸಿರು ಬಿಡುವವರೆಗೂ ಕಾಯಬೇಕು ಎಂದಿದ್ದಳು ಅಕ್ಕ. ಇದು ಕಾಯುತ್ತಿತ್ತು, ಅಷ್ಟೇ. ನೀರಿಳಿಯುವ ಹೊತ್ತಿಗೆ ಮತ್ತೆ ಬಿರುಕು ಸೇರಿ, ಏನೂ ಅರಿಯದ ಹಾಗೆ ಬಿದ್ದುಕೊಳ್ಳುತ್ತಿತ್ತು. ಇಡೀ ದಡ ಅದನ್ನು ನೋಡುತ್ತಿದ್ದದ್ದು ಅದು ಮಲಗಿದ್ದಾಗ ಮಾತ್ರ.

ಒದ್ದೆ ಮುದ್ದೆಯಾಗಿ, ಐಗೈಯನ್ನೂ ಚಿಪ್ಪನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಅವಳು ಶೆಡ್ಡಿಗೆ ಓಡಿದಳು. ಹೆಂಗಸರು ಮೇಜು ತೊಳೆಯುತ್ತಿದ್ದರು. “ಕಳ್ಳ ಸಿಕ್ಕಿದ! ಐಗೈ ಮೇಲೆ ಬರುತ್ತೆ! ನೀರು ಏರಿದಾಗ ಬರುತ್ತೆ, ನಾನೇ ಕಣ್ಣಾರೆ ನೋಡ್ದೆ!” ಎಂದಳು ಏದುಸಿರಿನಲ್ಲಿ.

ಯಾರೂ ಪೊರಕೆ ನಿಲ್ಲಿಸಲಿಲ್ಲ. ಜೋರುಬಾಯಿ ಮಾತ್ರ ಬುಟ್ಟಿಯೊಳಗೆ ಇಣುಕಿದಳು. ಐಗೈ ಈಗ ಚಿಪ್ಪನ್ನು ಬಿಟ್ಟು ಮೂಲೆಯಲ್ಲಿ ಮುದುಡಿತ್ತು, ಚಿಪ್ಪು ಬಾಯಿ ಮುಚ್ಚಿತ್ತು.

“ಬೆಳಿಗ್ಗೆ ಅಕ್ಕ ಕಳ್ಳಿ ಅಂದೆ. ಈಗ ಇದು ಕಳ್ಳ. ನಾಳೆ ಯಾರು, ನಾನಾ?” ಎಂದಳು. “ಹುಟ್ಟಿದಾಗಿಂದ ನೋಡ್ತಾ ಇದೀವಿ, ಐಗೈ ಗೆರೆ ದಾಟಲ್ಲ. ಕಾಲು ಊರೋಕೆ ನಮ್ಮ ಹತ್ರ ಕಲಿತವಳು ಈಗ ನಮಗೆ ಕಡಲು ತೋರಿಸ್ತೀಯಾ?”

“ಮೇಸ್ತ್ರಿ, ನೀವಾದ್ರೂ ಬನ್ನಿ, ಈಗಲೇ ತೋರಿಸ್ತೀನಿ.”

ಮೇಸ್ತ್ರಿ ಬೆಳಗಿನ ಚಿಪ್ಪುಗಳನ್ನು ಇನ್ನೂ ಮೇಜಿನ ಮೇಲೇ ಇಟ್ಟುಕೊಂಡಿದ್ದ. ಒಂದನ್ನು ಬೆರಳ ನಡುವೆ ತಿರುಗಿಸುತ್ತ ಕೇಳಿದ, “ಗೀರಿಲ್ಲದೆ ಬಿಡಿಸೋದನ್ನ ಅವಳು ಯಾರಿಗೆ ಕಲಿಸಿದ್ದು?”

ಈಗ ಪೊರಕೆಗಳು ನಿಂತವು.

“ನನಗೆ,” ಎಂದಳು ಚಿಕ್ಕವಳು. “ಆದ್ರೆ ನನಗೆ ಅದು ಬರಲ್ಲ. ನನ್ನ ಗೀರು ನಿಮಗೆ ಗೊತ್ತಲ್ಲ!”

“ಬಂದೂ ಬರದ ಹಾಗೆ ಇರೋದು ಕಷ್ಟ ಅಲ್ಲ. ಮನೆಯಲ್ಲಿ ದೊಡ್ಡವಳು ಬಿಟ್ಟ ಬಂಡೆ ಯಾರಿಗೆ ಹೋಗುತ್ತೆ?”

ಅದು ಅದೇ ಮನೆಯ ಮುಂದಿನ ಹೆಂಗಸಿಗೆ ಹೋಗುತ್ತದೆ. ಇದೂ ಎಲ್ಲರಿಗೂ ಗೊತ್ತಿದ್ದ ರೂಢಿಯೇ. ಅಕ್ಕ ಬಿಟ್ಟರೆ ಅವಳ ಬಂಡೆ ತನಗೇ ಬರುತ್ತದೆಂದು ಚಿಕ್ಕವಳಿಗೆ ಅಷ್ಟು ದಿನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ, ದೇವರಾಣೆಗೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂದು ಹೇಳಲು ಬಾಯಿ ತೆರೆದಳು, ಅಷ್ಟು ಜನರ ಕಣ್ಣುಗಳನ್ನು ನೋಡಿ ಮುಚ್ಚಿದಳು. ಆ ಕಣ್ಣುಗಳ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ನಿನ್ನೆಯವರೆಗೂ ಅವಳು ಮೂಲೆಯ ಬೆಂಚನ್ನು ನೋಡುತ್ತಿದ್ದದ್ದು ಅಂಥವೇ ಕಣ್ಣುಗಳಿಂದ. ಏನು ಹೇಳಿದರೂ ಅದು ಜಾಣತನವಾಗುತ್ತದೆ, ಸುಮ್ಮನಿದ್ದರೆ ಒಪ್ಪಿಕೊಂಡಂತಾಗುತ್ತದೆ.

ಮನೆಯ ಅಡುಗೆಕೋಣೆಯಲ್ಲಿ ಅಕ್ಕ ಉಪ್ಪಿನ ಗಂಟನ್ನು ಬಿಚ್ಚಲು ಹೆಣಗುತ್ತಿದ್ದಳು. ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಚಿಂದಿ ಸುತ್ತಿದ ಎಡಗೈಯಲ್ಲಿ. ಚಿಕ್ಕವಳು ಬಾಗಿಲಲ್ಲಿ ನೀರು ಸುರಿಸಿಕೊಂಡು ನಿಂತಳು. ಕ್ಷಮಿಸಿ ಎನ್ನಬೇಕೆಂದು ಬಂದವಳ ಬಾಯಿಂದ ಬಂದದ್ದು ಬೇರೆ.

“ಅಕ್ಕಾ, ಐಗೈ ಮೇಲೆ ಬರುತ್ತೆ. ನೀರು ಏರಿದಾಗ ಬರುತ್ತೆ. ಚಿಪ್ಪು ತಿಂದಿದ್ದು ಅವು.”

ಅಕ್ಕ ಬಟ್ಟೆಯ ತುದಿಯನ್ನು ಹಲ್ಲಿನಿಂದ ಬಿಟ್ಟಳು. “ಬರುತ್ತಾ?”

“ಬರುತ್ತೆ. ನಾನು ನೋಡ್ದೆ.”

“ಹೌದಾ. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ ನೋಡು.”

ಚಿಕ್ಕವಳು ಬುಟ್ಟಿಯನ್ನು ಮುಂದೆ ಚಾಚಿದಳು. ಕೆಂಪು ಚುಕ್ಕೆಯ ಚಿಪ್ಪು, ಅಂಚು, ಪೊರೆ, ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅಕ್ಕ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

“ನೋಡಿ ಅಕ್ಕಾ. ನೋಡದೇ ಹೇಗೆ ನಂಬ್ತೀರಿ?”

“ನೀನು ನೋಡಿದೀನಿ ಅಂತಿದ್ದೀಯಲ್ಲ. ಮತ್ತೇನು ಬೇಕು?”

ಕಪಾಳಕ್ಕೆ ಬಿಗಿದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಇದನ್ನು ತಡೆಯಲಾಗಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಬಿಕ್ಕಿದಳು. ಅಕ್ಕ ಬಂದು ತಲೆ ಸವರಲಿಲ್ಲ. ಸಮಾಧಾನ ಹೇಳಲೂ ಇಲ್ಲ, ಗದರಲೂ ಇಲ್ಲ. ಗಂಟು ಬಿಚ್ಚಲಾಗದೆ ಅದನ್ನು ಒಲೆಯ ಕಟ್ಟೆಯ ಮೇಲಿಟ್ಟು ಸುಮ್ಮನೆ ನಿಂತಳು. ಚಿಕ್ಕವಳು ಎದ್ದು ಅದನ್ನು ಬಿಚ್ಚಿ, ಆರಿಹೋಗಿದ್ದ ಉಪ್ಪನ್ನು ಬಾಣಲೆಗೆ ಸುರಿದು, ಒಲೆ ಹಚ್ಚಿದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ಕೈ ಹೀಗಾಗಿದೆ ಅಂತ ನನಗೆ ಯಾಕೆ ಹೇಳಲಿಲ್ಲ ಅಕ್ಕಾ? ಅವಳಿಗೆ ಹೇಳಿದ್ರಿ. ನನಗೆ ಹೇಳಿದ್ರೆ ನಾನು ಬಿಡಿಸಿಕೊಡ್ತಿರಲಿಲ್ವಾ?”

ಬಾಣಲೆಯಲ್ಲಿ ಉಪ್ಪು ಚಟಪಟ ಎನ್ನತೊಡಗಿತು.

“ಮೂಲೆ ಬೆಂಚಲ್ಲಿ ಪಕ್ಕದ ಜಾಗಕ್ಕೆ ಚೀಲ ಇಟ್ಟು ಹಿಡಿದಿದ್ದೆ ಕಣೆ, ನಿನಗೆ ಅಂತ,” ಎಂದಳು ಅಕ್ಕ. “ಕೂತು ಮೆಲ್ಲಗೆ ಹೇಳೋಣ ಅಂತ ಇದ್ದೆ. ನೀನು ಬರಲ್ಲ ಅಂತ ಖಾತ್ರಿಯಾದ ಮೇಲೆ ಅವಳನ್ನ ಕೂರೋಕೆ ಬಿಟ್ಟೆ.”